ಮಾತು ನಿಂತ ಆರು ವಾರ

ಅರುಳೂರಿನ ಚರ್ಚಿನಲ್ಲಿ ನನ್ನ ಚಿಕ್ಕಮ್ಮ ಜ್ಞಾನಸೌಂದರಿ ಕೈ ಹಾಕದ ಕೆಲಸವೇ ಇರಲಿಲ್ಲ. ಮಹಿಳಾ ಸಂಘದ ಕಾರ್ಯದರ್ಶಿ ಅವಳು, ಭಾನುವಾರ ಮಕ್ಕಳಿಗೆ ಪಾಠ ಹೇಳುವವಳು ಅವಳು, ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಸುವವಳು ಅವಳು. ಶನಿವಾರ ಬಂತೆಂದರೆ ಕಾಯಿಲೆಯವರ ಮನೆಗಳ ಸುತ್ತು. ತಾಳೆಬೆಲ್ಲದ ವ್ಯಾಪಾರ ಮಾಡುತ್ತಿದ್ದ ತಂಗದುರೈ ಚಿಕ್ಕಪ್ಪ ಊಟಕ್ಕೆ ಕೂತಾಗ ಅನ್ನುತ್ತಿದ್ದರು: "ನಿನ್ನ ಮುಖ ನೋಡ್ಬೇಕಂದ್ರೆ ನಾನೂ ಸೀರೆ ಉಟ್ಕೊಂಡು ಸಂಘಕ್ಕೆ ಸೇರ್ಬೇಕು ಕಣೇ."

ಆ ವರ್ಷ ಚರ್ಚಿನ ಹಬ್ಬದೂಟಕ್ಕೆ ಮೂರು ವಾರ ಇರುವಾಗ ಅವಳ ದನಿ ಒಡೆಯಿತು. ಕಷಾಯ ಕುಡಿದಳು, ಬೆಲ್ಲ ಶುಂಠಿ ಅಗಿದಳು, ಜಗ್ಗಲಿಲ್ಲ. ತಿರುನೆಲ್ವೇಲಿಯ ಡಾಕ್ಟರು ಗಂಟಲಲ್ಲಿ ಗಂಟಿದೆ ಎಂದು ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. "ಆರು ವಾರ ಪಿಸುಮಾತೂ ಆಡಬಾರದು" ಎಂದರು. ಗಂಟು ಎಂಥದ್ದು ಎಂಬುದು ಗೊತ್ತಾಗಲು ಎರಡು ಮೂರು ವಾರ ಕಾಯಬೇಕಿತ್ತು.

ನಾನು ಆಗ ಅಲ್ಲಿನ ಶಾಲೆಯಲ್ಲಿ ಟೀಚರಾಗಿದ್ದೆ, ಅವರ ಮನೆಯಲ್ಲೇ ಇದ್ದೆ. ಒಂದು ಸ್ಲೇಟು ತಂದುಕೊಟ್ಟೆ. ಮೊದಲ ದಿನ ಅವಳು ಬರೆದದ್ದೆಲ್ಲ ಸಂಘದ್ದೇ: ಅಕ್ಕಿ ಎಲ್ಲಿಂದ, ಪಾತ್ರೆ ಯಾರದು, ತನ್ನ ಬದಲು ಸಂಘ ನೋಡಿಕೊಳ್ಳುವ ಸೆಲ್ವಕನಿ ಎಂಬಾಕೆಗೆ ಏನೇನು ಹೇಳಬೇಕು. ನಾಲ್ಕನೇ ದಿನ ಬೆಳಿಗ್ಗೆ ನಾನು ಹಲ್ಲುಜ್ಜಿ ಬಂದರೆ ಅವಳು ಗೋಡೆಗೊರಗಿ ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಸ್ಲೇಟಿನಲ್ಲಿ ಹೀಗೆ ಬರೆದಿದ್ದಳು:

"ಮಂಡಿಯೂರಿದೆ. ಊಟದ ದಿನ ಮಳೆ ಬೇಡ ಅಂದೆ, ಹಾಡೋರು ಜಗಳಾಡೋದು ಬೇಡ ಅಂದೆ. ಐದು ನಿಮಿಷಕ್ಕೆ ಮುಗೀತು. ಆಮೇಲೆ ದೇವರಿಗೆ ಹೇಳೋಕೆ ನನ್ನ ಹತ್ರ ಏನೂ ಇರ್ಲಿಲ್ಲ."

ಅದನ್ನು ಒರೆಸಿ ಮತ್ತೆ ಬರೆದಳು: "ಮೂವತ್ತು ವರ್ಷ ಅವನ ಮನೆ ಕೆಲಸ ಮಾಡಿದೀನಿ. ಅವನ ಮೇಲೆ ನಂಗೆ ಪ್ರೀತಿ ಇದೆಯಾ?"

ಗಂಟಿನ ಭಯಕ್ಕಿಂತ ಇದು ಅವಳನ್ನು ಹೆಚ್ಚು ತಿಂದಿತು. ಅನ್ನ ಕಲಸಿಕೊಂಡು ಹಾಗೇ ಕೂತುಬಿಡುತ್ತಿದ್ದಳು. ಹಬ್ಬದೂಟ ಅವಳ ಕೈ ಇಲ್ಲದೆಯೇ ನಡೆಯಿತು, ಚೆನ್ನಾಗಿಯೇ ನಡೆಯಿತು. "ಈ ಸಲ ಸಾಂಬಾರಿಗೆ ಉಪ್ಪು ಸರಿಯಾಗಿತ್ತಪ್ಪಾ" ಎಂದು ಯಾರೋ ಅವಳ ಬೆನ್ನ ಹಿಂದೆಯೇ ನಕ್ಕರು. ತಿರುಗಿ ಉತ್ತರ ಕೊಡಲು ಬಾಯಿಲ್ಲ.

ಶನಿವಾರ ಕಾಲು ರೂಢಿಯಂತೆ ಅವಳನ್ನು ಬೀದಿಯ ಕೊನೆಯ ಪೊನ್ನುತ್ತಾಯಿ ಅಜ್ಜಿಯ ಮನೆಗೆ ಎಳೆಯಿತು. ಅಜ್ಜಿಗೆ ಕಣ್ಣಿಲ್ಲ, ಹಾಸಿಗೆ ಬಿಟ್ಟು ಏಳುವುದಿಲ್ಲ. ನಾನೂ ಜೊತೆಗಿದ್ದೆ.

"ಯಾರದು? ಮಾತಾಡಲ್ವಾ? ಕೈ ಕೊಡು ಇಲ್ಲಿ." ಅಜ್ಜಿ ಬಳೆ ಸವರಿ ನೋಡಿದಳು. "ಸೌಂದರಿ! ಬಾಯಿಗೆ ಬೀಗ ಬಿತ್ತಂತೆ? ಒಳ್ಳೇದಾಯ್ತು, ಕೂತ್ಕೋ. ಪ್ರತಿ ಶನಿವಾರ ಹೊಸ್ತಿಲಲ್ಲೇ ನಿಂತು ಬೈಬಲ್ ಓದಿ ಓಡ್ತಿದ್ದೆ. ನಾನು ಆಮೆನ್ ಅನ್ನೋ ಹೊತ್ತಿಗೆ ನೀನು ಮೂರನೇ ಮನೇಲಿರ್ತಿದ್ದೆ."

ಚಿಕ್ಕಮ್ಮ ಕೂತಳು. ಅಜ್ಜಿ ಮಾಡಿನ ಕಡೆ ಮುಖ ಮಾಡಿ, ಪಕ್ಕದಲ್ಲಿರುವವರಿಗೆ ಹೇಳುವ ಹಾಗೆ ದೇವರಿಗೆ ಹೇಳಿದಳು: "ಅಪ್ಪಾ, ಸೌಂದರಿ ಬಂದವ್ಳೆ. ಸೊಂಟದ ನೋವು ನಿನ್ನೇನೇ ಹೇಳಿದೀನಿ, ಮತ್ತೆ ಹೇಳಲ್ಲ. ಇವತ್ತು ಕೇಳೋದೇನೂ ಇಲ್ಲ. ಸುಮ್ನೆ ನಮ್ಜೊತೆ ಇರು."

ಆಮೇಲೆ ಮಾತಿಲ್ಲ. ಅಜ್ಜಿಯ ಮುಖದಲ್ಲಿ ಹೊಟ್ಟೆ ತುಂಬಿದ ಕೂಸಿನ ನೆಮ್ಮದಿ. ಚಿಕ್ಕಮ್ಮನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಅಜ್ಜಿಗೆ ಬರೆದು ತೋರಿಸುವ ಹಾಗೂ ಇಲ್ಲ, ನೋಡುವ ಕಣ್ಣಿಲ್ಲ. ಮಧ್ಯಾಹ್ನದವರೆಗೆ ಆ ಕೈ ಹಿಡಿದು ಕೂತಳು. ಮರುದಿನದಿಂದ ದಿನಾ ಹೋದಳು.

ಗಂಟಿನ ಪರೀಕ್ಷೆಯ ಫಲಿತಾಂಶ ಬಂದ ದಿನ ಚಿಕ್ಕಪ್ಪ ಸೈಕಲ್ ತುಳಿದು ಓಡಿಬಂದದ್ದೂ ಆ ಮನೆಗೇ. "ಏನೂ ಇಲ್ವಂತೆ ಸೌಂದರಿ! ಕೆಟ್ಟ ಗಂಟಲ್ಲವಂತೆ!" ಅವಳು ಅಜ್ಜಿಯ ಕೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

ಆರು ವಾರ ಕಳೆದ ಮೇಲೆ ದನಿ ಅರ್ಧ ಮರಳಿತು. ಪಾದ್ರಿ ಅಯ್ಯನವರೇ ಮನೆಗೆ ಬಂದರು. "ಸಂಘ ನಿಮ್ಮನ್ನ ಕಾಯ್ತಾ ಇದೆಯಮ್ಮಾ."

"ಸೆಲ್ವಕನೀನೇ ಇರ್ಲಿ ಅಯ್ಯಾ. ಮಕ್ಕಳ ಪಾಠ ಒಂದು ನಂಗೆ ಸಾಕು."

"ಇಷ್ಟು ವರ್ಷದ ಸೇವೆ ಬಿಟ್ರೆ ದೇವರು ಒಪ್ತಾನಾ?"

ಅವಳ ಬೆರಳುಗಳು ಸೆರಗು ಹಿಂಡುತ್ತಿದ್ದವು. "ಆ ಭಯ ನಂಗೂ ಇದೆ ಅಯ್ಯಾ. ಆದ್ರೆ ಅವನನ್ನ ಮರೆತು ಅವನ ಸೇವೆ ಮಾಡಿದ್ನಲ್ಲ, ಆ ಭಯ ಇದಕ್ಕಿಂತ ದೊಡ್ಡದು."

ಅವಳಿಗೆ ಮುನಿಸು ಎಂದರು ಊರವರು. ಸೆಲ್ವಕನಿಯ ಮೇಲೆ ಹೊಟ್ಟೆಕಿಚ್ಚು ಎಂದರು. ಬೇಸರವಾಗಲಿಲ್ಲವೆಂದಲ್ಲ, ಎರಡು ದಿನ ಅತ್ತಳು. ಬೆಳಿಗ್ಗೆ ಒಂದು ಗಂಟೆ ದೇವರ ಮುಂದೆ ಸುಮ್ಮನೆ ಕೂರುವುದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಮೊನ್ನೆ ನಾನು ಊರಿಗೆ ಹೋಗಿದ್ದಾಗ, ಪ್ರಾರ್ಥನೆಯಿಂದ ಎದ್ದು ಬಂದವಳು ನನ್ನ ಪಕ್ಕ ಕೂತಳು. "ಇವತ್ತೂ ಎದೆ ಒಣಗಿದಂಗಿತ್ತು ಕಣೇ. ಇದು ಪ್ರೀತೀನಾ, ಇಲ್ಲಾ ಇದೂ ಒಂದು ರೂಢೀನಾ?"

"ಎದ್ದು ಹೋಗ್ಬೇಕು ಅನ್ನಿಸ್ತಾ ಚಿಕ್ಕಮ್ಮಾ?" ಎಂದೆ.

ಅವಳು ತಲೆಯಾಡಿಸಿದಳು. "ಇಲ್ಲ. ಅವನೆದ್ದು ಹೋಗ್ಬಿಟ್ರೆ ಅಂತ ಹೆದರಿಕೆಯಾಯ್ತು."