ಬಸಲಿಂಗಪ್ಪ ಮೇಷ್ಟ್ರ ಎಡಗೈ

ಬಸಲಿಂಗಪ್ಪ ಮೇಷ್ಟ್ರು ವೈರು ಮುಟ್ಟುವ ಮೊದಲು ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುತ್ತಿದ್ದರು. ಬಲ್ಬು ಬಿಚ್ಚುವುದು, ಸ್ಕ್ರೂ ತಿರುಗಿಸುವುದು, ಟೆಸ್ಟರ್ ಹಚ್ಚುವುದು ಎಲ್ಲ ಬಲಗೈಯಲ್ಲೇ. ಯಾಕೆಂದು ಕೇಳಿದರೆ, "ಎರಡೂ ಕೈ ಕೊಟ್ರ ಕರೆಂಟು ಎದಿ ಮ್ಯಾಲೆ ಹಾದು ಹೋಗ್ತೈತ್ರೀ. ಒಂದು ಕೈಯರ ನಮ್ಮ ಕಡೆ ಇರಲಿ" ಎನ್ನುತ್ತಿದ್ದರು. ನಮ್ಮ ಅಟ್ಟೂರಿನಲ್ಲಿ ಅವರ ಬೆನ್ನ ಹಿಂದೆ ಎಲ್ಲರೂ ಅಂಜುಬುರುಕ ಮೇಷ್ಟ್ರು ಅನ್ನುತ್ತಿದ್ದರು. ನಾನೂ ಅಂದಿದ್ದೇನೆ, ಸುಳ್ಳೇಕೆ ಹೇಳಲಿ.

ಗದಗಿನ ಕಡೆಯವರು. ಯಲಹಂಕದ ತರಬೇತಿ ಶಾಲೆಯೊಂದರಲ್ಲಿ ವೈರಿಂಗ್ ಕಲಿಸುವ ಕೆಲಸ. ಎಪ್ಪತ್ತರ ದಶಕದ ಕೊನೆಗೆ ನಮ್ಮ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದರು. ಆಗ ನನಗೆ ಮದುವೆಯಾಗಿ ಮೂರು ವರ್ಷ. ಕುಳ್ಳು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರ್. ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು. ನಮ್ಮ ಮುದ್ದೆಯನ್ನು ಕಂಡರೆ ವೈರನ್ನು ಕಂಡಷ್ಟೇ ಹುಷಾರು.

ಊರಿಗೆ ಊರೇ ಕರೆಂಟ್ ಬಂತು, ಕರೆಂಟ್ ಹೋಯ್ತು ಅನ್ನುತ್ತದಲ್ಲ, ಆ ಮಾತು ಅವರ ಕಿವಿಗೆ ಬಿದ್ದರೆ ಮುಗಿಯಿತು, ಪಾಠ ಶುರು. "ಹೋಗಿದ್ದು ವೋಲ್ಟೇಜ್ ರೀ ಅವ್ವಾರ. ಕರೆಂಟು ಅದರ ಹಿಂದ ಹೋತು."

"ಎರಡೂ ಒಂದೇ ತಾನೇ ಮೇಷ್ಟ್ರೇ? ಮುಟ್ಟಿದ್ರೆ ಹೊಡೀತದೆ ಅಷ್ಟೆ," ಎಂದೆ ಒಂದು ದಿನ, ಹಾಲು ಕರೆಯುತ್ತಾ.

ಅವರು ಕೊಟ್ಟಿಗೆಯ ಹೊರಗೇ ನಿಂತು ಹೇಳಿದರು: "ಗೂಳಿ ಬಾಗ್ಲಕ್ಕ ಬಂದು ದೂಡಾಕತ್ತೈತಿ ಅನ್ಕೋರಿ. ಆ ದೂಡೋ ಜೋರು ಐತಲ್ಲ, ಅದು ವೋಲ್ಟೇಜು. ಬಾಗ್ಲಾ ತಗದ್ರಿ, ನುಗ್ಗಿ ಹೊಂಟಿತು, ಅದು ಕರೆಂಟು. ಬಾಗ್ಲಾ ಹಾಕಿದ್ರ ನುಗ್ಗೋದು ನಿಲ್ತೈತಿ. ಗೂಳಿ ಅಲ್ಲೇ ಇರ್ತೈತಿ."

"ನಮಗ್ಯಾಕೆ ಬಿಡಿ ಆ ಪುರಾಣ. ಸ್ವಿಚ್ ಆರಿಸಿದ್ರೆ ಆಯ್ತಲ್ಲ" ಎಂದು ನಾನು ಕರುವಿನ ಹಗ್ಗ ಬಿಚ್ಚಿದೆ. ನನ್ನ ಅಹಂಕಾರಕ್ಕೆ ಬೆಂಕಿ ಬೀಳಲಿ.

ಆಗ ನಮಗೆ ಎರಡು ಎಕರೆ ಕಪ್ಪು ದ್ರಾಕ್ಷಿ ತೋಟವಿತ್ತು. ಸಾಲು ಕಲ್ಲುಕಂಬ, ಕಂಬದ ಮೇಲೆ ಅಡ್ಡಡ್ಡ ಉದ್ದುದ್ದ ಕಬ್ಬಿಣದ ತಂತಿ, ತಂತಿಯ ತುಂಬ ಬಳ್ಳಿ. ತೋಟದ ನಡುವೆ ಔಷಧಿ ಹೊಡೆಯುವ ಸಣ್ಣ ಮೋಟರು. ಬಾವಿಯ ಹತ್ತಿರದ ಪಂಪ್‌ಮನೆಯಿಂದ ಅದಕ್ಕೆ ವೈರು, ಆ ತಂತಿ ಚಪ್ಪರದ ಮೇಲೇ ಹಾದು ಬಂದಿತ್ತು. ಹಿಂದಿನ ವರ್ಷ ಅದನ್ನು ಎಳೆದು ಸ್ವಿಚ್ಚು ಕೂರಿಸಿದವರು ಮೇಷ್ಟ್ರೇ.

ಆ ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಔಷಧಿ ಹೊಡೆದು, ಸ್ವಿಚ್ ಆರಿಸಿದರು. ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ನೆಲವೆಲ್ಲ ಕೆಸರು. ನಾನು ಮರದ ಸ್ಟೂಲು ಹತ್ತಿ, ತಂತಿಗಳ ಸಂದಿಯಲ್ಲಿ ತಲೆ ತೂರಿಸಿ ಮೇಲಿನ ಚಿಗುರು ಕತ್ತರಿಸುತ್ತಿದ್ದೆ. ಸ್ಟೂಲಿನ ಒಂದು ಕಾಲು ಗಿಡ್ಡ, ಕೆಳಗೊಂದು ಇಟ್ಟಿಗೆ ಕೊಟ್ಟಿದ್ದೆ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈ ತಂತಿಯ ಮೇಲೆ. ಅಂಗೈಯಲ್ಲಿ ಇರುವೆ ಹರಿದಂತಾಯಿತು. ಇರುವೆಯೇ ಇರಬೇಕು ಅಂದುಕೊಂಡೆ.

ಅಷ್ಟರಲ್ಲಿ ಪಕ್ಕದ ಮನೆಯ ಆಡು ತೋಟದ ಅಂಚಿಗೆ ಬಂದು, ಕಂಬದಿಂದ ಕೆಳಗಿಳಿದ ತಂತಿಯ ಮೇಲಿನ ಎಲೆಗೆ ಬಾಯಿ ಹಾಕಿತು. ಒಂದು ಸಲ ಒದರಿತು, ನಾಲ್ಕೂ ಕಾಲು ಸೆಟೆದು ಬಿತ್ತು, ಮತ್ತೆ ಏಳಲಿಲ್ಲ. ಮೇಷ್ಟ್ರು ಹಣ್ಣು ಕೇಳಲು ಬಂದು ಅಲ್ಲೇ ನಿಂತಿದ್ದರು. ಅವರು ಎಡಗೈ ಜೇಬಿಗೆ ಹಾಕಿ, ಟೆಸ್ಟರನ್ನು ಆ ತಂತಿಗೆ ಹಚ್ಚಿದರು. ಅದರೊಳಗಿನ ದೀಪ ಕೆಂಪಗೆ ಹೊತ್ತಿತು.

ಅವರು ತಿರುಗಿ ನನ್ನನ್ನು ನೋಡಿದರು. ಅವರ ಮುಖದ ಬಣ್ಣ ಇಳಿದುಹೋಗಿತ್ತು. ದನಿ ಮಾತ್ರ ಏರಲಿಲ್ಲ. "ಅವ್ವಾರ, ಕೈ ಬಿಡ್ರಿ. ಇಳೀಬ್ಯಾಡ್ರಿ. ಹಂಗ ನಿಂದರ್ರಿ."

ಕೈ ಬಿಟ್ಟೆ. ಆದರೆ ಎರಡೂ ಭುಜಕ್ಕೆ ತಂತಿ ತಾಗಿತ್ತು, ಜಡೆ ಒದ್ದೆ ಬಳ್ಳಿಯಲ್ಲಿ ಸಿಕ್ಕಿತ್ತು. ಯಜಮಾನರು ಕೆಸರಿನಲ್ಲಿ ಬರಿಗಾಲಲ್ಲಿ ಓಡಿ ಬಂದರು, ನನ್ನನ್ನು ಎತ್ತಿ ಇಳಿಸಲು. ಮೇಷ್ಟ್ರು ಅಡ್ಡ ನಿಂತು ಅವರ ಅಂಗಿ ಹಿಡಿದರು.

"ಬಿಡಿ ಸಾ. ಮೋಟ್ರು ನಿಂತೈತೆ. ಕರೆಂಟ್ ಎಲ್ಲಿಂದ ಬತ್ತದೆ?"

"ಕರೆಂಟ್ ಇಲ್ಲ ಖರೆ. ವೋಲ್ಟೇಜ್ ಐತಿ. ಅವರು ಕಟಗಿ ಮ್ಯಾಲೆ ನಿಂತಾರ, ಅದಕ್ಕ ಹರಿಯಾಕ ದಾರಿ ಇಲ್ಲ. ನೀವು ಮುಟ್ಟಿದ್ರ ನೀವ ದಾರಿ ಆಗ್ತೀರಿ. ಇಬ್ಬರೂ ಹೋಗ್ತೀರಿ."

ಅಂದರೆ ಗೂಳಿ ನನ್ನ ಮೈತುಂಬ ಬಂದು ನಿಂತಿದೆ, ನಾನು ಕಾಲು ಕೆಳಗಿಟ್ಟರೆ ಬಾಗಿಲು ತೆರೆದಂತೆ. ಕೊಟ್ಟಿಗೆಯಲ್ಲಿ ಪುರಾಣವೆಂದು ತಳ್ಳಿಹಾಕಿದ್ದ ಪಾಠ ಅಲ್ಲಿ ಒಂದೇ ಏಟಿಗೆ ಅರ್ಥವಾಯಿತು. ಮೇಷ್ಟ್ರು ಪಂಪ್‌ಮನೆಗೆ ಓಡಿದರು. ಅವರು ಓಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ನನ್ನ ಕಾಲಡಿಯ ಸ್ಟೂಲು ಅಲ್ಲಾಡಿತು, ಕೆಳಗಿನ ಇಟ್ಟಿಗೆ ಕೆಸರಿನಲ್ಲಿ ಮೆಲ್ಲಗೆ ವಾಲುತ್ತಿತ್ತು. ಯಜಮಾನರು ಎರಡು ಮಾರು ದೂರದಲ್ಲಿ ಕೈ ಕಟ್ಟಿಕೊಂಡು ನಿಂತು ಅಳುತ್ತಿದ್ದರು. ನನಗೆ ಅಳಲೂ ಭಯ. ಅತ್ತರೆ ಮೈ ಕುಲುಕುತ್ತದಲ್ಲ.

ಮೇಷ್ಟ್ರು ವಾಪಸ್ ಬಂದಾಗ ಎರಡೂ ಫ್ಯೂಸ್ ಕಿತ್ತು ತಂದಿದ್ದರು. ಫ್ಯೂಸ್ ಕಿತ್ತವರು ಅದನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಕೆಲಸ ಮುಗಿಯುವ ತನಕ ಹೆತ್ತ ತಾಯಿ ಕೇಳಿದರೂ ಕೊಡಬಾರದು, ಇದು ಅವರ ಕಟ್ಟಳೆ. ಅವತ್ತು ನನಗೆ ಎತ್ತಿ ತೋರಿಸಿದರು. ತಂತಿಗೆ ಟೆಸ್ಟರ್ ಹಚ್ಚಿದರು, ಹೊತ್ತಲಿಲ್ಲ.

"ಇಳೀರಿ ಈಗ."

"ನಾನಿಳಿಯಲ್ಲ" ಎಂದೆ. "ಸ್ವಿಚ್ ಆರಿಸಿದಾಗ್ಲೂ ಏನೂ ಇಲ್ಲ ಅಂತಾನೇ ಅಂದ್ಕೊಂಡಿದ್ವಿ."

ಮೇಷ್ಟ್ರು ಫ್ಯೂಸುಗಳನ್ನು ಜೇಬಿಗೆ ಹಾಕಿಕೊಂಡರು. ಚಪ್ಪಲಿ ಕಳಚಿ, ಕೆಸರಿಗೆ ಬರಿಗಾಲಲ್ಲಿ ಇಳಿದರು. ಎಡಗೈಯನ್ನು ಜೇಬಿನಿಂದ ತೆಗೆದು, ಎರಡೂ ಕೈಯಲ್ಲಿ ನನ್ನ ಮುಖದ ಮುಂದಿನ ತಂತಿಯನ್ನು ಹಿಡಿದರು. ಕಣ್ಣು ಮುಚ್ಚಿದ್ದರು. ಏನೂ ಆಗಲಿಲ್ಲ. ಅವರು ಜಗ್ಗಿ ಹಿಡಿದದ್ದಕ್ಕೆ ಆ ತಂತಿಯ ಎಲೆಗಳಿಂದೆಲ್ಲ ನೀರು ಉದುರಿತು. ಆಮೇಲೆ ನಾನು ಇಳಿದೆ.

ಅಂದೇ ಪಂಪ್‌ಮನೆಯ ಸ್ವಿಚ್ಚು ಬಿಚ್ಚಿ ನೋಡಿ ನಮ್ಮಿಬ್ಬರನ್ನೂ ಕರೆದು ಹೇಳಿದರು. ಕರೆಂಟು ಬರುವ ವೈರಿಗೆ ಕೂರಿಸಬೇಕಾದ ಸ್ವಿಚ್ಚನ್ನು ತಾವೇ ವಾಪಸ್ ಹೋಗುವ ವೈರಿಗೆ ಕೂರಿಸಿದ್ದರಂತೆ. ಆರಿಸಿದರೆ ಮೋಟರು ನಿಲ್ಲುತ್ತಿತ್ತು, ವೋಲ್ಟೇಜು ಮಾತ್ರ ವೈರಿನ ತುಂಬ ಹಾಗೇ ಇರುತ್ತಿತ್ತು. ಚಪ್ಪರಕ್ಕೆ ಉಜ್ಜಿ ವೈರಿನ ಸಿಪ್ಪೆ ಸವೆದ ದಿನ ಅದು ತೋಟಕ್ಕೆಲ್ಲ ಇಳಿದಿತ್ತು. "ಸ್ವಿಚ್ ಕೂಡಿಸಿದ ದಿನ ಶಾಲಿ ಬಿಟ್ಟು ಗಡಿಬಿಡಿಲೆ ಬಂದಿದ್ದೆ. ಮೋಟ್ರು ನಡೀತು, ನಿಂತಿತು, ಸಾಕು ಅಂತ ಹೋದೆ. ಟೆಸ್ಟರ್ ಹಚ್ಚಲಿಲ್ಲ. ಊರಿಗೆಲ್ಲ ಹೇಳಿದ್ದನ್ನ ನಾನ ಮರೆತೆ." ಯಜಮಾನರಿಗೆ ಕೆಟ್ಟ ಸಿಟ್ಟು ಬಂದಿತ್ತು, ಆದರೆ ಆ ಮುಖ ನೋಡಿ ಬಾಯಿ ಬರಲಿಲ್ಲ. ನನಗೆ ಬಂತು. ಚೆನ್ನಾಗಿ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡರು.

ಮುಂದಿನ ಭಾನುವಾರದಿಂದ ಅವರು ಸೈಕಲ್ ಹತ್ತಿ ತಾವು ಕೈಯಿಟ್ಟ ಮನೆಗಳಿಗೆಲ್ಲ ಹೋದರು. ಅಟ್ಟೂರು, ಯಲಹಂಕ, ಹುಣಸಮಾರನಹಳ್ಳಿಯವರೆಗೂ. ಯಾರೂ ಕರೆದಿರಲಿಲ್ಲ. ಒಂದೊಂದು ಸ್ವಿಚ್ಚೂ ಬಿಚ್ಚಿ ನೋಡಿ ಬಂದರು. ತಪ್ಪಾಗಿದ್ದು ನಮ್ಮದೊಂದೇ. ಆದರೂ ಮುಂದಿನ ವರ್ಷ ಇನ್ನೊಮ್ಮೆ ಹೋದರು.

ಎಂಬತ್ತರ ದಶಕದ ನಡುವೆ ರಿಟೈರಾಗಿ ಊರಿಗೆ ಹೊರಟರು. ಟ್ರಂಕು ಕಟ್ಟಿಟ್ಟು, ಕಾಫಿ ಕುಡಿಯುವ ಮೊದಲು ಪಂಪ್‌ಮನೆಗೆ ಹೋಗಿ ಟೆಸ್ಟರ್ ಹಚ್ಚಿ ಬಂದರು. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿದ್ದದ್ದನ್ನು ಅವತ್ತು ಕೇಳಿದೆ.

"ಮೇಷ್ಟ್ರೇ, ಅವತ್ತು ತಂತಿ ಹಿಡಿದ್ರಲ್ಲ, ಅದ್ರಲ್ಲಿ ಏನೂ ಇಲ್ಲ ಅಂತ ನಿಮಗೆ ಗ್ಯಾರಂಟಿ ಇತ್ತಲ್ವಾ?"

ಅವರು ಲೋಟ ಕೆಳಗಿಟ್ಟರು. "ಎರಡೂ ಫ್ಯೂಸ್ ತಗದಿದ್ದೆ. ಟೆಸ್ಟರೂ ಹೊತ್ತಲಿಲ್ಲ. ಬ್ಯಾರೆಯವರ ಕೆಲಸ ಆಗಿದ್ರ ಗ್ಯಾರಂಟಿ ಇರ್ತಿತ್ರೀ. ನನ್ನ ಕೆಲಸ ಆಗಿತ್ತಲ್ಲ, ಇರಲಿಲ್ಲ."

"ಮತ್ಯಾಕೆ ಹಿಡಿದ್ರಿ?"

"ನೀವು ಇಳೀಬೇಕಾಗಿತ್ತಲ್ರೀ ಅವ್ವಾರ."

ಮರುವರ್ಷ ಅವರ ಮಗಳಿಂದ ಕಾರ್ಡು ಬಂತು, ಜ್ವರ ಬಂದು ಹಾಸಿಗೆಯಲ್ಲೇ ಹೋದರೆಂದು. ದ್ರಾಕ್ಷಿ ತೋಟವೂ ಈಗಿಲ್ಲ, ಅಲ್ಲಿ ಸೈಟುಗಳಾಗಿವೆ. ಈಗಲೂ ಮನೆಯಲ್ಲಿ ಸ್ವಿಚ್ಚು ಹಾಕುವಾಗ ನಾನು ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತೇನೆ. ಸೊಸೆ ನನ್ನನ್ನು ಅಂಜುಬುರುಕಿ ಅನ್ನುತ್ತಾಳೆ.