ಚಪ್ಪರದ ಕೆಳಗೆ ಮುಚ್ಚಿಹೋದ ಕಾಲುವೆ

ನಾನು ಸೊಸೆಯಾಗಿ ರಾಜಾಜಿನಗರಕ್ಕೆ ಬಂದದ್ದು ಐವತ್ತರ ದಶಕದಲ್ಲಿ, ಬಡಾವಣೆ ಇನ್ನೂ ಹೊಸದಾಗಿದ್ದಾಗ. ರಸ್ತೆಗೆ ಗುರುತಿನ ಕಲ್ಲು ನೆಟ್ಟಿದ್ದರು, ರಸ್ತೆ ಬಂದಿರಲಿಲ್ಲ. ಮನೆಯೊಳಗೆ ನಲ್ಲಿಯೂ ಇರಲಿಲ್ಲ. ಅಂಗಳದ ಮೂಲೆಯ ಬಾವಿಯೇ ಎಲ್ಲಕ್ಕೂ ಆಧಾರ, ಸೇದುವವಳು ನಾನು. ಮೊದಲ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಕೊಡ ತಳದ ಬಂಡೆಗೆ ಬಡಿಯಿತು. ಆ ಪೆಟ್ಟು ಹಗ್ಗದುದ್ದಕ್ಕೂ ಮೇಲೆ ಬಂದು ಅಂಗೈಗೆ ತಾಗಿತು. ಹಗ್ಗ ಬಿಡದಂತೆ ಕಟ್ಟೆಗೆ ಒರಗಿ ನಿಂತೆ.

ನಮ್ಮ ಅಂಗಳ ಗೇಟಿನ ಕಡೆ ಇಳಿಜಾರು. ಹೆಂಚಿನಿಂದ ಬಿದ್ದ ಮಳೆ ನೇರವಾಗಿ ಬೀದಿಗೆ ಓಡುತ್ತಿತ್ತು. ಆ ವರ್ಷ ಮಳೆಗೆ ಮುಂಚೆ ನಾನು ಸೂರಿನ ಕೆಳಗಿನಿಂದ ಅಡ್ಡವಾಗಿ ಒಂದು ಕಾಲುವೆ ತೋಡಿದೆ. ಅದು ದಾಸವಾಳದ ಪಾತಿ ತುಂಬಿಸಿ, ಅಲ್ಲಿಂದ ಬಾಳೆಗೆ ಹೋಗಿ, ಮಿಕ್ಕ ನೀರನ್ನು ಬಾವಿಗಿಂತ ಎತ್ತರದ ಜಾಗದಲ್ಲಿ ನಾನು ಜಲ್ಲಿ ತುಂಬಿಸಿದ್ದ ಗುಂಡಿಗೆ ಬಿಡುತ್ತಿತ್ತು. ನೀರು ಅಲ್ಲಿ ನಿಲ್ಲುತ್ತಿತ್ತು, ಮೆಲ್ಲಗೆ ಇಂಗುತ್ತಿತ್ತು. ದೀಪಾವಳಿಗೆ ನೀರು ತುಂಬುವ ಹೊತ್ತಿಗೆ ಬಾವಿಯ ನೀರು ಮೇಲೆ ಬಂದಿತ್ತು. ಎಲ್ಲರೂ ಸೇದಿಕೊಂಡರು. ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ದೊಡ್ಡ ನಾದಿನಿಯ ಮದುವೆ. ಚಪ್ಪರ ಅಂಗಳದಲ್ಲೇ ಹಾಕಬೇಕು. ಮಾವ ಕಾಲುವೆ, ಪಾತಿ, ಗುಂಡಿ ಎಲ್ಲ ಮುಚ್ಚಿಸಿದರು.

"ಬದಿಗೆ ಸ್ವಲ್ಪ ಜಾಗ ಬಿಡಿ ಮಾವ," ಅಂದೆ.

"ಬೀಗರು ಬಿದ್ದು ಕಾಲು ಮುರ್ಕೊಂಡ್ರೆ ನಿನ್ನ ಬಾಳೆಗಿಡ ಬಂದು ಎತ್ತುತ್ತೇನಮ್ಮ?"

ಅತ್ತೆ ನಕ್ಕರು. ನಾನೂ ನಗಬೇಕಾಯಿತು. ಮಣ್ಣಿಗೆ ನೀರು ಚಿಮುಕಿಸಿ ಬಡಿದರು, ಮೇಲೆ ಸಗಣಿ ಸಾರಿಸಿದರು. ನೆಲ ಹಲಗೆಯಂತಾಯಿತು.

ಮದುವೆ ಚೆನ್ನಾಗಿ ನಡೆಯಿತು. ಆಮೇಲೆ ಕಾಲುವೆ ತೋಡುವುದು ನನ್ನ ಲೆಕ್ಕಾಚಾರ. ಆದರೆ ನಮ್ಮ ಮನೆಯ ಪದ್ಧತಿಯಲ್ಲಿ ಮದುಮಗಳು ಗಂಡನ ಜೊತೆ ಮೊದಲ ಸಲ ತವರಿಗೆ ಬಂದು ಹೋಗುವವರೆಗೆ ಚಪ್ಪರ ಇಳಿಸುವಂತಿಲ್ಲ. ಅದರ ಕೆಳಗಿನ ನೆಲ ಅಗೆಯುವಂತೆಯೂ ಇಲ್ಲ. ಅಷ್ಟರಲ್ಲಿ ಕೆಂಗೇರಿಯ ಬೀಗರ ಮನೆಯಲ್ಲಿ ಅಜ್ಜಿಯೊಬ್ಬರು ತೀರಿಕೊಂಡರು. ಅವರ ಸೂತಕ ಕಳೆಯುವಷ್ಟರಲ್ಲಿ ನಮ್ಮ ನಾದಿನಿಗೆ ಜ್ವರ. ಬರುವುದು ಮುಂದಕ್ಕೆ ಹೋಯಿತು.

ಮಳೆ ಮುಂದಕ್ಕೆ ಹೋಗಲಿಲ್ಲ. ಒಂದು ಸಂಜೆ ಕಾಮಾಕ್ಷಿಪಾಳ್ಯದ ಕಡೆಯಿಂದ ಕಪ್ಪಾಗಿ ಬಂದು ಸುರಿಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಣಗಿದ ತೆಂಗಿನ ಗರಿಯಿಂದ ಸೋರಿದ ನೀರು ಸಗಣಿ ನೆಲದ ಮೇಲೆ ಜಾರಿ, ಎಲ್ಲೋ ಉಳಿದಿದ್ದ ಅಕ್ಷತೆ ಕಾಳುಗಳನ್ನೂ ತೇಲಿಸಿಕೊಂಡು ಗೇಟು ದಾಟಿತು. ನೆಲದೊಳಗೆ ಹನಿಯೂ ಇಳಿಯಲಿಲ್ಲ.

"ಅತ್ತೆ, ನೀರೆಲ್ಲ ಹೋಗ್ತಾ ಇದೆ."

"ಹೋಗ್ಲಿ ಬಿಡೇ, ಅದೇನು ನಮ್ಮ ಮನೇದಾ? ಹೆಣ್ಣುಮಗಳ ಚಪ್ಪರಕ್ಕೆ ಗುದ್ದಲಿ ತರ್ತೀನಿ ಅಂತ ಇನ್ನೊಂದ್ಸಲ ಬಾಯಿಬಿಡಬೇಡ."

ಗಂಡನಿಗೆ ಹೇಳಿದೆ. "ಮಳೆಗೂ ಲಗ್ನಪತ್ರಿಕೆ ಕಳಿಸಿದ್ರೆ ಎರಡು ದಿನ ಮುಂಚೆ ಬಂದು ಹೋಗ್ತಿತ್ತು ಕಣೇ," ಅಂದರು.

ಒಳ್ಳೆಯ ಮಳೆಗಳೆಲ್ಲ ಹೀಗೇ ಬೀದಿಗೆ ಹೋದವು. ನಾದಿನಿ ಬಂದಾಗ ಬರೀ ಜಡಿಮಳೆ ಹನಿಯುತ್ತಿತ್ತು. ಅವಳು ಹೋದ ಮೇಲೆ ಚಪ್ಪರ ಇಳಿಸಿ ಕಂಬಗಳನ್ನು ಕಿತ್ತರು. ಕಿತ್ತ ಗುಂಡಿಗಳಲ್ಲಿ ಜಡಿ ನೀರು ಸೇರಿತು. ಮಧ್ಯಾಹ್ನ ನೋಡಿದಾಗ ಇಂಗಿಹೋಗಿತ್ತು. ಇಡೀ ಅಂಗಳದಲ್ಲಿ ನೀರು ಕುಡಿದದ್ದು ಅಷ್ಟೇ ಜಾಗ.

"ಮಾವ, ಇವನ್ನು ಮುಚ್ಚಿಸಬೇಡಿ. ಇಲ್ಲಿಂದಲೇ ಕಾಲುವೆ ಶುರು ಮಾಡ್ತೀನಿ."

ಅವರು ಗುಂಡಿಯೊಳಗೆ ಬಗ್ಗಿ ನೋಡಿದರು. ಅರ್ಥವಾಯಿತೆಂದು ನನಗೆ ಆಸೆ ಹುಟ್ಟಿತು.

"ಕಂಬದ ಗುಂಡಿ ಹಾಗೇ ಇರ್ಲಿ, ಬೇಕಾಗುತ್ತೆ," ಅಂದರು. "ಕಾಲುವೆ ಮಾತ್ರ ಬೇಡಮ್ಮ. ಮತ್ತೆ ಮುಚ್ಚಿಸೋ ಕೆಲಸ ಯಾಕೆ? ಇನ್ನೊಬ್ಬಳಿದಾಳಲ್ಲ, ಅವಳದೂ ಒಂದು ಆಗಿಬಿಡ್ಲಿ."

ಚಿಕ್ಕ ನಾದಿನಿ ಬಾವಿಕಟ್ಟೆಯ ಹತ್ತಿರ ಕುಂಟೆಬಿಲ್ಲೆ ಆಡುತ್ತಿದ್ದಳು. ಅವಳಿಗೆ ಆಗಷ್ಟೇ ಮುಂದಿನ ಹಾಲುಹಲ್ಲು ಬಿದ್ದಿತ್ತು.

ನಾನು ಒಳಗೆ ಹೋಗಿ ಗುದ್ದಲಿ ತಂದೆ. ಮೊದಲ ಏಟಿಗೆ ನೆಲ ಬಿರುಕು ಬಿಡಲಿಲ್ಲ.