ಟಕ್ಕೆ ನಂಬದ ಕಾಕು

ಕಾಕುವಿನ ಹುಬ್ಬಿನ ಮೇಲೆ ಸದಾ ಒಂದೆರಡು ಸುಣ್ಣದ ಹನಿಗಳು ಒಣಗಿರುತ್ತಿದ್ದವು. ಪುಣೆಯಲ್ಲಿ ಅವರಿಗೆ ಐದು ಬಾಡಿಗೆ ಖೋಲಿಗಳಿದ್ದವು. ವಯಸ್ಸು ಎಪ್ಪತ್ತರ ಹತ್ತಿರ ಬಂದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾವೇ ಸುಣ್ಣ ಬಳಿಯುತ್ತಿದ್ದರು. ವಿಜಾಪುರದ ಕಡೆಯಿಂದ ಬಂದ ಅರಿವೆ ವ್ಯಾಪಾರಿಯ ವಿಧವೆ, ಕೇರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ತೊಂಬತ್ತರ ದಶಕದಲ್ಲಿ ನಾನೂ ನನ್ನ ಹೆಂಡತಿಯೂ ಅವರ ಬಾಡಿಗೆದಾರರಾದೆವು.

ಬಾಡಿಗೆ ಕೊಡಲು ಹೋದರೆ ಕಾಕು ನಮ್ಮೆದುರೇ ನಾಲ್ಕು ಡಬ್ಬಿ ತೆರೆಯುತ್ತಿದ್ದರು. ತೆರಿಗೆಗೊಂದು, ನೀರಿನ ಪಂಪಿಗೊಂದು, ಸುಣ್ಣಕ್ಕೊಂದು, ಖೋಲಿ ಖಾಲಿ ಬೀಳುವ ತಿಂಗಳಿಗೊಂದು. ನೋಟು ಹಂಚಿದ ಮೇಲೆ ಕೈಯಲ್ಲಿ ಉಳಿದದ್ದನ್ನು ಎತ್ತಿ ತೋರಿಸಿ, "ಇದು ನನ್ನ ಬಾಡಗಿ" ಎನ್ನುತ್ತಿದ್ದರು. ಆಮೇಲೆ ಚಹಾ, ಶೇಂಗಾ ಹೋಳಿಗೆ. ಬಾಡಿಗೆ ಕೊಡುವ ದಿನಕ್ಕಾಗಿ ಕಾಯುವ ಬಾಡಿಗೆದಾರರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಪುಣೆ ಪಕ್ಕದ ಚಾಕಣದ ಕಾರ್ಖಾನೆಯೊಂದರಲ್ಲಿ ಲೆಕ್ಕದ ಗುಮಾಸ್ತ. ಟಕ್ಕೆ, ಅಂದರೆ ಶೇಕಡಾ, ಇಲ್ಲದೆ ಬಾಯಿ ಬಿಡುತ್ತಿರಲಿಲ್ಲ. ಕೂಡಿಟ್ಟದ್ದೆಲ್ಲ ಸುರಿದು ಚಾಕಣದಲ್ಲೊಂದು ಸಣ್ಣ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟಾಗ, ಹಾಕಿದ ದುಡ್ಡಿಗೆ ವರ್ಷಕ್ಕೆ ಹನ್ನೆರಡು ಟಕ್ಕೆ ಎಂದು ಕಾಕುವಿನ ಮುಂದೆ ಬೀಗಿದೆ.

"ಟಕ್ಕೆ ಯಾವ ಡಬ್ಬಿಗೆ ಹಾಕ್ತೀ ತಮ್ಮಾ? ಕೈಗೆ ಎಷ್ಟು ಬರ್ತದ, ಅದನ್ನ ಹೇಳು."

ಬಾಡಿಗೆ ಎರಡೂವರೆ ಸಾವಿರ, ಖರ್ಚು ಕಳೆದರೆ ಎರಡು ಸಾವಿರ. ಕಾಕು ತಲೆಯಾಡಿಸಿದರು. ಹೊಲಿಗೆ ಶೆಡ್ಡಿನಲ್ಲಿ ನನ್ನ ಹೆಂಡತಿಗೆ ಸಿಗುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ. ಬೆನ್ನುನೋವಿಗೆ ಅವಳು ರಾತ್ರಿ ಮಗ್ಗುಲು ಬದಲಿಸಲಾಗದೆ ನರಳುತ್ತಿದ್ದಳು. ಅವಳನ್ನು ಆ ಮಷೀನಿನಿಂದ ಎಬ್ಬಿಸಬೇಕೆಂದೇ ಫ್ಲ್ಯಾಟ್ ಕೊಂಡದ್ದು. ಅವಳು ಕೆಲಸ ಬಿಟ್ಟಳು. ಮನೆಯಲ್ಲಿ ಹಾಡು ಕೇಳತೊಡಗಿತು.

ಫ್ಲ್ಯಾಟಿನ ಹನ್ನೊಂದು ತಿಂಗಳ ಕರಾರು ಮುಗಿಯಿತು. ಪುಣೆಯಲ್ಲಿ ಎಲ್ಲರೂ ಹತ್ತು ಟಕ್ಕೆ ಏರಿಸುತ್ತಾರೆ, ನಾನೇಕೆ ಬಿಡಲಿ? ತಿಂಗಳಿಗೆ ಇನ್ನೂರೈವತ್ತು ಹೆಚ್ಚು ಕೇಳಿದೆ. ಬಾಡಿಗೆದಾರ ಕಲಬುರಗಿ ಕಡೆಯ ಫಿಟ್ಟರ್, ಒಂದನೇ ತಾರೀಖು ತಪ್ಪಿಸಿದವನಲ್ಲ. ನೂರು ಕೊಡುತ್ತೇನೆಂದ. ಹತ್ತು ಅಂದರೆ ಹತ್ತೇ ಎಂದು ಪಟ್ಟು ಹಿಡಿದೆ. ಅವನು ಗಂಟುಮೂಟೆ ಕಟ್ಟಿದ.

ಎರಡು ತಿಂಗಳು ಫ್ಲ್ಯಾಟಿಗೆ ಬೀಗ. ಒಂದು ಬೆಳಗ್ಗೆ ಹೆಂಡತಿ ಊಟದ ಡಬ್ಬಿ ಕಟ್ಟಿಕೊಂಡು ಮತ್ತೆ ಶೆಡ್ಡಿಗೆ ಹೊರಟಳು. ನನಗೆ ಮುಖವೆತ್ತಿ ನೋಡಲಾಗಲಿಲ್ಲ.

ಸಂಜೆ ಕಾಕು ಕರೆದು ಕೂರಿಸಿಕೊಂಡರು. ಬೈಯಲಿಲ್ಲ, ಲೆಕ್ಕ ಮಾತ್ರ ಹೇಳಿಸಿದರು. ಜಗಳವಾದದ್ದು ತಿಂಗಳಿಗೆ ನೂರೈವತ್ತಕ್ಕೆ. ಹನ್ನೊಂದು ತಿಂಗಳಿಗೆ ಸಾವಿರದಾರುನೂರೈವತ್ತು. ಆಗಲೇ ಕಳೆದುಕೊಂಡದ್ದು ಐದು ಸಾವಿರ.

"ಹತ್ತು ಟಕ್ಕೆ ಅಂದ್ರ ಭಾಳ ದೊಡ್ಡದು ಕಾಣಸ್ತು ನಿನಗ. ಆಕಿ ಬೆನ್ನು ಕಾಣಸಲಿಲ್ಲ. ಹೋಗು, ಆ ಹುಡುಗನ್ನ ಹುಡುಕಿ ಕರಕೊಂಡು ಬಾ."

ಮಾನ ಮರ್ಯಾದೆ ಮಡಿಚಿಟ್ಟು ಮರುದಿನವೇ ಹೋದೆ. ಹೊಸ ಮನೆಯಲ್ಲಿ ನೀರಿಗೆ ತತ್ವಾರ ಪಡುತ್ತಿದ್ದ ಫಿಟ್ಟರ್ ನಕ್ಕು ಒಪ್ಪಿದ. ನೂರೇ ರೂಪಾಯಿ ಹೆಚ್ಚು. ಎಂಟು ವರ್ಷ ಇದ್ದ. ಹೆಂಡತಿ ಮತ್ತೆ ಶೆಡ್ಡಿನ ಮುಖ ನೋಡಲಿಲ್ಲ.

ಕಾಕು ಕೊನೆಗಾಲಕ್ಕೆ ಸೊಲ್ಲಾಪುರದ ಮಗಳ ಮನೆಗೆ ಹೋದರು. ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ಮಧ್ಯಾಹ್ನ. ಹೆಂಡತಿ ಊಟ ಮುಗಿಸಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದಳು. ಎಬ್ಬಿಸಲು ಹೋದವನು ಹಾಗೇ ಪಕ್ಕದಲ್ಲಿ ಕುಳಿತೆ. ಆ ನಿದ್ದೆ ಕಾಕು ಕೊಟ್ಟದ್ದು. ಇನ್ನರ್ಧ ಗಂಟೆ ಮಲಗಲಿ ಎಂದು ಒಬ್ಬನೇ ಅತ್ತೆ.